ಪದ ಪರಿಚಯ: ಘರ್ಷಣ ಚಾಲನೆಯ ಉರುಳೆ

ಸೈಕಲ್ಲಿನ ಟೈರಿನ ಮೇಲೆ ಚಿಕ್ಕದೊಂದು ಉರುಳೆಯನ್ನು ಒತ್ತಿ ನಿಲ್ಲಿಸಿ, ಅದನ್ನು ಮೋಟಾರಿನಿಂದಲೋ ಸಣ್ಣ ಎಂಜಿನ್ನಿನಿಂದಲೋ ತಿರುಗಿಸಿ, ಸರಪಳಿಯ ನೆರವಿಲ್ಲದೆ ಚಕ್ರವನ್ನು ಓಡಿಸುವ ಏರ್ಪಾಡಿಗೆ ಘರ್ಷಣ ಚಾಲನೆ ಎಂದು ಹೆಸರು. ಹಳೆಯ ಸೈಕಲ್ಲಿನ ಡೈನಮೋವನ್ನು ಬಲ್ಲವರು ಇದನ್ನು ಆಗಲೇ ಅರ್ಧ ಬಲ್ಲರು. ಅಲ್ಲಿ ಟೈರು ಡೈನಮೋದ ತಲೆಯನ್ನು ತಿರುಗಿಸುತ್ತಿತ್ತು, ಇಲ್ಲಿ ಉರುಳೆ ಟೈರನ್ನು ತಿರುಗಿಸುತ್ತದೆ. ಫ್ರಾನ್ಸಿನಲ್ಲಿ 1946ರಿಂದ ಮಾರಾಟಕ್ಕೆ ಬಂದ ವೆಲೊಸೊಲೆಕ್ಸ್ ಇದರ ಅತ್ಯಂತ ಹೆಸರಾದ ಉದಾಹರಣೆ. ಅದರ ಎಂಜಿನ್ ಮುಂದಿನ ಚಕ್ರದ ಮೇಲೆ ಕೂತಿರುತ್ತಿತ್ತು, ಟೈರನ್ನು ಒಂದು ಸೆರಾಮಿಕ್ ಉರುಳೆ ಓಡಿಸುತ್ತಿತ್ತು.

ಈ ಪದದಲ್ಲಿರುವ 'ಘರ್ಷಣೆ' ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಘರ್ಷಣೆ ಎಂದೊಡನೆ ಉಜ್ಜುವುದು, ಸವೆಯುವುದು ಮನಸ್ಸಿಗೆ ಬರುತ್ತದೆ. ಆದರೆ ಇಲ್ಲಿ ಕೆಲಸ ಮಾಡುವುದು ಶಾಲೆಯ ವಿಜ್ಞಾನ ಪುಸ್ತಕಗಳು ಸ್ಥಾಯೀ ಘರ್ಷಣೆ ಎಂದು ಕರೆಯುವ ಬಗೆ, ಅಂದರೆ ಎರಡು ಮೈಗಳು ಒಂದರ ಮೇಲೊಂದು ಜಾರದಂತೆ ತಡೆದು ಹಿಡಿಯುವ ಬಲ. ಉರುಳೆ ಜಾರು ಘರ್ಷಣೆಗೆ ಇಳಿದ ಕ್ಷಣದಿಂದಲೇ ಮೋಟಾರಿನ ಶಕ್ತಿ ಓಟವಾಗುವ ಬದಲು ಕಾವಾಗಿ ಟೈರನ್ನು ತಿನ್ನತೊಡಗುತ್ತದೆ. ಆದ್ದರಿಂದ ಉರುಳೆಗೆ ಯಾವ ವಸ್ತು ಒಳ್ಳೆಯದು ಎಂದು ಕೇಳುವಾಗ, ಯಾವುದು ಹೆಚ್ಚು ಒರಟು ಎಂದು ಕೇಳಬಾರದು; ಯಾವುದು ಕಡಿಮೆ ಒತ್ತಡದಲ್ಲಿ ಜಾರದೆ ಹಿಡಿಯುತ್ತದೆ ಎಂದು ಕೇಳಬೇಕು.

ಒತ್ತಡದ ಲೆಕ್ಕ ಕಷ್ಟದ್ದಲ್ಲ. ಸವಾರ, ಸೈಕಲ್ಲು ಸೇರಿ 90 ಕಿಲೋ ತೂಕ, ನೂರು ಮೀಟರಿಗೆ ಐದು ಮೀಟರು ಏರುವ ರಸ್ತೆ ಎಂದಿಟ್ಟುಕೊಂಡರೆ, ಏರಲು ಬೇಕಾದ ಬಲವೇ 44 ನ್ಯೂಟನ್. ಟೈರು ಉರುಳುವ ಪ್ರತಿರೋಧವನ್ನು ಸೇರಿಸಿ ಸುಮಾರು 50 ಎನ್ನೋಣ. ಒತ್ತುವ ಬಲದ ಎಷ್ಟು ಪಾಲು ಹಿಡಿತವಾಗಿ ಸಿಗುತ್ತದೆಂದು ಹೇಳುವ ಅಂಕಿಯೇ ಘರ್ಷಣಾಂಕ. ಒಣ ರಬ್ಬರಿಗೂ ಉರುಳೆಗೂ ನಡುವೆ ಅದು 0.6 ಇದ್ದರೆ ಉರುಳೆಯನ್ನು 83 ನ್ಯೂಟನ್ನಿನಷ್ಟು, ಅಂದರೆ ಎಂಟೂವರೆ ಕಿಲೋ ತೂಕ ಹೇರಿದಷ್ಟು ಒತ್ತಬೇಕು. ಮಳೆಯಲ್ಲಿ ನೆನೆದು ಅದು 0.2ಕ್ಕೆ ಇಳಿದರೆ ಅದೇ ಏರಿಗೆ 25 ಕಿಲೋ ಬೇಕಾಗುತ್ತದೆ. ಅಷ್ಟು ಒತ್ತಿದರೆ ಟೈರು ಪ್ರತಿ ಸುತ್ತಿನಲ್ಲೂ ತಗ್ಗಿ ಏಳುತ್ತಾ ಶಕ್ತಿಯನ್ನು ನುಂಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯುವ ಪುಣೆಯಲ್ಲಿ ಸೈಕಲ್ ತುಳಿಯುವವರಿಗೆ ಉರುಳೆಯ ವಸ್ತುವಿನ ಪ್ರಶ್ನೆ ಮೊದಲು ಏಳುವುದು ಇಲ್ಲಿಯೇ.

ಕೈಗೆ ಸುಲಭವಾಗಿ ಸಿಗುವುದು ಎಂ.ಎಸ್. ರಾಡ್, ಅಂದರೆ ಮೆದು ಉಕ್ಕು. ಪುಣೆಯ ಪಕ್ಕದ ಕೈಗಾರಿಕಾ ಪ್ರದೇಶವಾದ ಭೋಸರಿಯ ಯಾವ ಲೇತ್ ಅಂಗಡಿಯಲ್ಲಾದರೂ ಅದನ್ನು ಅಳತೆಗೆ ತಿರುವಿ, ಮೈಮೇಲೆ ನರ್ಲಿಂಗ್ ಹಾಕಿ ಕೊಡುತ್ತಾರೆ; ಸ್ಕ್ರೂಡ್ರೈವರ್ ಹಿಡಿಯ ಮೇಲೆ ಕಾಣುವ ಅಡ್ಡಗೆರೆಗಳ ಉಬ್ಬೇ ನರ್ಲಿಂಗ್. ನಾನು ಮೊದಲ ಸಲ ಮಾಡಿಸಲು ಹೋದಾಗ ವಜ್ರದಾಕಾರದ ಚೂಪು ನರ್ಲಿಂಗನ್ನೇ ಕೇಳಿದ್ದೆ. ವಿಜಯಪುರದ ಕಡೆಯವರಾದ ಹಿರಿಯ ಟರ್ನರೊಬ್ಬರು ತಡೆದು, "ಹಿಡಿಯೂದು ಬ್ಯಾರೆ, ಕಡಿಯೂದು ಬ್ಯಾರೆ ರೀ ಸರ" ಎಂದರು. ಈ ಪದಕ್ಕೆ ಅದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಚೂಪು ಹಲ್ಲುಗಳು ಒಣ ರಸ್ತೆಯಲ್ಲಿ ಬಿಗಿಯಾಗಿ ಹಿಡಿದಂತೆ ತೋರಿದರೂ, ಒಮ್ಮೆ ಜಾರಿದವೆಂದರೆ ಅರದಂತೆ ರಬ್ಬರನ್ನು ತರಿಯುತ್ತವೆ. ಅಂಚುಗಳನ್ನು ಎಮರಿ ಕಾಗದದಿಂದ ಮೊಂಡು ಮಾಡಿದ ನರ್ಲಿಂಗ್, ಇಲ್ಲವೆ ಉದ್ದಕ್ಕೆ ಕೊರೆದ ಅಗಲವಾದ ಕಾಲುವೆಗಳು ಮೇಲು, ಏಕೆಂದರೆ ನೀರಿನ ಪದರಕ್ಕೆ ಹೊರಹೋಗಲು ಆ ಕಾಲುವೆಗಳೇ ದಾರಿ. ಉಕ್ಕಿಗೆ ಇನ್ನೊಂದು ಗುಣವಿದೆ: ಸ್ಪರ್ಶದ ಜಾಗದಲ್ಲಿ ಹುಟ್ಟುವ ಕಾವನ್ನು ಅದು ಎಳೆದುಕೊಂಡು ಹರಡುತ್ತದೆ.

ಅಲ್ಯೂಮಿನಿಯಂ ಹಗುರ, ಕಾವನ್ನು ಇನ್ನೂ ಬೇಗ ಸಾಗಿಸುತ್ತದೆ, ಆದರೆ ರಸ್ತೆಯ ಮರಳಿನ ಕಣಗಳು ಟೈರಿಗಂಟಿ ಬಂದು ಅದನ್ನು ಬೇಗ ಸವೆಸುತ್ತವೆ. ಸವೆತದಿಂದ ಹಿಡಿತ ತಗ್ಗುವುದಷ್ಟೇ ಅಲ್ಲ, ವೇಗವೂ ಬದಲಾಗುತ್ತದೆ. ಘರ್ಷಣ ಚಾಲನೆಯಲ್ಲಿ ಸೈಕಲ್ಲಿನ ವೇಗ ಉರುಳೆಯ ಅಂಚಿನ ವೇಗವೇ ಆಗಿರುವುದರಿಂದ ಚಕ್ರದ ಗಾತ್ರಕ್ಕೆ ಇಲ್ಲಿ ಲೆಕ್ಕವಿಲ್ಲ. 32 ಮಿಲಿಮೀಟರ್ ವ್ಯಾಸದ ಉರುಳೆ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಗಂಟೆಗೆ ಸುಮಾರು 24 ಕಿಲೋಮೀಟರ್. ಸವೆದು 30ಕ್ಕೆ ಇಳಿದರೆ ಇಪ್ಪತ್ತೆರಡೂವರೆ.

ಪಾಲಿಯುರೆಥೇನ್ ಅಥವಾ ರಬ್ಬರ್ ಹೊದಿಸಿದ ಉರುಳೆ ಸದ್ದಿಲ್ಲದೆ ಓಡುತ್ತದೆ, ಒಣಗಿದ್ದಾಗ ಹಿಡಿತವೂ ಚೆನ್ನ. ಆದರೆ ಅದು ಕಾವನ್ನು ಸಾಗಿಸುವುದಿಲ್ಲವಾದ್ದರಿಂದ, ಉದ್ದನೆಯ ಏರಿನಲ್ಲಿ ಜಾರತೊಡಗಿದರೆ ಮೈ ಮೆತ್ತಗಾಗಿ ಹೊಳಪೇರುತ್ತದೆ, ಹೊಳಪೇರಿದ ಮೇಲೆ ಇನ್ನಷ್ಟು ಜಾರುತ್ತದೆ. ಕಾತ್ರಜ್ ಘಾಟಿನಂಥ ಏರನ್ನು ದಿನವೂ ಹತ್ತುವವರಿಗೆ ನಾನು ಇದನ್ನು ಸೂಚಿಸಲಾರೆ. ಸಾಣೆಕಲ್ಲಿನಂಥ ಸೆರಾಮಿಕ್ ಮೈ ಸವೆಯುವುದು ಬಹಳ ನಿಧಾನ, ಒದ್ದೆಯಲ್ಲೂ ಅದರ ಸಣ್ಣ ಕಣಗಳು ನೀರಿನ ಪದರವನ್ನು ಸೀಳಿ ರಬ್ಬರನ್ನು ಮುಟ್ಟುತ್ತವೆ. ಆದರೆ ಜಾರಿದರೆ ಟೈರನ್ನು ಅದೂ ಬಿಡುವುದಿಲ್ಲ.

ಉರುಳೆಯ ನಡುವನ್ನು ಟೈರಿನ ಉಬ್ಬಿಗೆ ತಕ್ಕಂತೆ ತಗ್ಗಿಸಿದರೆ ಹಿಡಿತ ಹೆಚ್ಚುತ್ತದೆಂದು ಹಲವರು ಹೇಳುವುದುಂಟು. ಹಾಗೆ ತಗ್ಗಿಸಿದ ಉರುಳೆಯ ಅಂಚು ನಡುವಿಗಿಂತ ದಪ್ಪವಾಗಿರುವುದರಿಂದ ಅಲ್ಲಿ ವೇಗ ಹೆಚ್ಚು, ಟೈರಿನ ಪಕ್ಕದಲ್ಲಾದರೋ ವೇಗ ಕಡಿಮೆ. ಎರಡೂ ಹೊಂದದೆ ಆ ಜಾಗ ಸದಾ ಉಜ್ಜಿಕೊಳ್ಳುತ್ತದೆ. ನೇರವಾದ ಉರುಳೆ, ಗುಬಟುಗಳಿಲ್ಲದ ನುಣುಪು ಟೈರು, ಅದರಲ್ಲಿ ತುಂಬು ಗಾಳಿ ಇದ್ದರೆ ಮೊಂಡು ನರ್ಲಿಂಗಿನ ಉಕ್ಕು ಎಂಟು ತಿಂಗಳು ಚೆನ್ನಾಗಿ ನಡೆಯುತ್ತದೆ. ಉಳಿದ ನಾಲ್ಕು ಮಳೆ ತಿಂಗಳುಗಳಿಗೆ ಉರುಳೆಯನ್ನು ಟೈರಿನಿಂದ ಮೇಲೆತ್ತಿಡುವ ಒಂದು ಸನ್ನೆಕೋಲನ್ನು ಮೊದಲೇ ಜೋಡಿಸಿಕೊಂಡಿರಬೇಕು.