ಕೈಯಲ್ಲಿ ತಿರುಗಿಸುವ ಕ್ರೀಮ್ ಸೆಪರೇಟರ್: ಕೆನೆ ಸ್ಕ್ರೂ ಲೆಕ್ಕ

ಪಾತ್ರೆಯಲ್ಲಿಟ್ಟ ಹಾಲಿನ ಕೆನೆ ತಾನಾಗಿ ಮೇಲೇರಲು ಸುಮಾರು ಒಂದು ದಿನ ಬೇಕು. ತಿರುಗುವ ಬೌಲ್‌ನಲ್ಲಿ ಅದು ಸೆಕೆಂಡುಗಳ ಕೆಲಸ. ಹಾಲು ಹರಿಯುತ್ತಿರುವಾಗಲೇ ಕೆನೆ ಬೇರ್ಪಡಿಸುವ ಯಂತ್ರವನ್ನು ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ತಂದರು. ಬೌಲ್ ತಿರುಗಿದಾಗ ಭಾರದ ಹಾಲು ಗೋಡೆಯ ಕಡೆಗೆ, ಹಗುರವಾದ ಕೊಬ್ಬು ನಡುವಿಗೆ. ಇಷ್ಟು ಸುಲಭ.

ತಲೆ ಕೆಡಿಸುವುದು ಕೆನೆ ಸ್ಕ್ರೂ, ಅಂದರೆ ಬೌಲ್‌ನಿಂದ ಕೆನೆ ಹೊರಬರುವ ಬಾಯಲ್ಲಿರುವ ತೂತಿನ ಸ್ಕ್ರೂ. ಒಳಕ್ಕೆ ತಿರುಗಿಸಿದರೆ ಕೆನೆ ಗಟ್ಟಿ, ಹೊರಕ್ಕೆ ತಿರುಗಿಸಿದರೆ ತೆಳು. ಏಕೆಂದರೆ ಸ್ಕ್ರೂವಿನ ತೂತು ನಡುವಿಗೆ ಹತ್ತಿರವಾದಷ್ಟೂ ತೀರಾ ಹಗುರವಾದ ಪದರ ಮಾತ್ರ ಹೊರಬೀಳುತ್ತದೆ. ಹಾಗೆಂದು ಬೆಣ್ಣೆ ಹೆಚ್ಚಾಗುವುದಿಲ್ಲ! ಸ್ಕ್ರೂ ಹಿಡಿತದಲ್ಲಿರುವುದು ಹಾಲಿನಲ್ಲಿ ಎಷ್ಟು ಪಾಲು ಕೆನೆಯ ಬಾಯಿಂದ ಬರಬೇಕು ಎಂಬುದು.

100 ಕೆ.ಜಿ. ಹಸುವಿನ ಹಾಲು, ಕೊಬ್ಬು ಶೇ. 4 ಎಂದುಕೊಳ್ಳಿ. ಒಟ್ಟು ಕೊಬ್ಬು 4 ಕೆ.ಜಿ. ಸ್ಕ್ರೂ ಹತ್ತರಲ್ಲಿ ಒಂದು ಪಾಲು ಬಿಟ್ಟರೆ 10 ಕೆ.ಜಿ. ಕೆನೆ, ಕೊಬ್ಬು ಶೇ. 40. ಐದರಲ್ಲಿ ಒಂದು ಪಾಲು ಬಿಟ್ಟರೆ 20 ಕೆ.ಜಿ., ಶೇ. 20. ಎರಡರಲ್ಲೂ ಕೊಬ್ಬು ಅದೇ 4 ಕೆ.ಜಿ. (ಕೆನೆ ತೆಗೆದ ಹಾಲಿಗೆ ಹೋಗುವ ಚೂರುಪಾರು ಬಿಟ್ಟಿದ್ದೇನೆ.) ಈಗ ಸ್ಕ್ರೂ ಮುಟ್ಟದೆ ಶೇ. 7ರ ಎಮ್ಮೆ ಹಾಲು ಸುರಿಯಿರಿ: ಹತ್ತರಲ್ಲಿ ಒಂದು ಪಾಲಿಗೇ 7 ಕೆ.ಜಿ. ಕೊಬ್ಬು, ಅಂದರೆ ಶೇ. 70. ಅಷ್ಟು ಗಟ್ಟಿ ಕೆನೆ ಡಿಸ್ಕ್‌ಗಳ (ಬೌಲ್‌ನೊಳಗೆ ಒಂದರ ಮೇಲೊಂದು ಜೋಡಿಸಿದ ತೆಳು ತಟ್ಟೆಗಳ) ನಡುವೆ ಕಟ್ಟಿಕೊಂಡು, ಕೊಬ್ಬು ಕೆನೆ ತೆಗೆದ ಹಾಲಿನ ಜತೆ ಹೋಗುತ್ತದೆ. ಎಮ್ಮೆ ಹಾಲಿಗೆ ಸ್ಕ್ರೂ ಹೊರಕ್ಕೆ, ಒಮ್ಮೆಗೆ ಕಾಲು ಸುತ್ತು ಮಾತ್ರ.

ವೇಗ: ಹ್ಯಾಂಡಲ್ ನಿಮಿಷಕ್ಕೆ 60 ಸುತ್ತು ಎಂದಿದ್ದರೆ 60 ಸುತ್ತೇ. 45ಕ್ಕೆ ಇಳಿದರೆ ವೇಗ ಮುಕ್ಕಾಲು, ಆದರೆ ಕೆನೆ ಬೇರ್ಪಡಿಸುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಉಳಿಯುತ್ತದೆ. ಪೂರ್ತಿ ವೇಗ ಬಂದ ಮೇಲೆಯೇ ನಲ್ಲಿ ತೆರೆಯಿರಿ.

ಹಾಲು 35ರಿಂದ 40 ಡಿಗ್ರಿ ಬೆಚ್ಚಗಿರಲಿ. ಕೆಳಗಿಂದ ಸೋರಿದರೆ ಮೊದಲು ಬೌಲ್‌ನ ರಬ್ಬರ್ ರಿಂಗ್ ನೋಡಿ.

ಕೊನೆಗೆ ಒಂದೆರಡು ಲೀಟರ್ ಕೆನೆ ತೆಗೆದ ಹಾಲನ್ನೇ ಮತ್ತೆ ಸುರಿದು ಬೌಲ್‌ನಲ್ಲಿ ಉಳಿದ ಕೆನೆ ಹೊರಡಿಸಿ. ತೊಳೆಯುವಾಗ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಸೋಡಾ ಹಾಕಿದ ಬಿಸಿನೀರು. ಮೊದಲೇ ಕುದಿನೀರು ಬಿದ್ದರೆ ಹಾಲಿನ ಪ್ರೋಟೀನು ಡಿಸ್ಕ್‌ಗೆ ಬೆಂದು ಅಂಟುತ್ತದೆ. ಡಿಸ್ಕ್‌ಗಳ ಮೇಲೆ ನಂಬರ್ ಇದ್ದರೆ ಅದೇ ಸಾಲಿನಲ್ಲಿ ಜೋಡಿಸಿ.