ಬೇಸಿಗೆ ಮಳೆಗೆ ತಿಂಗಳ ಲೆಕ್ಕ ಸಾಲದು, ಗಂಟೆಯ ಲೆಕ್ಕ ಬೇಕು

ಮಾರ್ಚ್ ಬಂತೆಂದರೆ ಪರಿಚಯದವರ ಫೋನ್ ಶುರು. "ಸಾರ್, ಈ ಸಲ ಮಳೆ ಹೇಗೆ? ಮೇ ಮೊದಲ ವಾರ ಮದುವೆ ಇದೆ, ಶಾಮಿಯಾನ ಹಾಕಿಸಬಹುದಾ?" ಮಾರ್ಚ್‌ನಿಂದ ಮೇವರೆಗಿನ ಮುನ್ನೋಟದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮಳೆ ವಾಡಿಕೆಗಿಂತ ಹೆಚ್ಚೋ ಕಡಿಮೆಯೋ ಎಂಬ ಸಾಧ್ಯತೆಯಷ್ಟೇ ಅದರಲ್ಲಿರುತ್ತದೆ, ಅದೂ ದೊಡ್ಡ ಪ್ರದೇಶಕ್ಕೆ ಸೇರಿಸಿ.

ಈ ದಿನಗಳಲ್ಲಿ ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡು ಹಾದು ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ಚಾಚಿಕೊಳ್ಳುತ್ತದೆ. ಕಡಲಿನ ತೇವ ಅಲ್ಲಿಗೆ ಬಂದು ಸೇರುತ್ತದೆ. ಮಧ್ಯಾಹ್ನದವರೆಗೆ ನೆಲ ಚೆನ್ನಾಗಿ ಕಾದರೆ ಆ ಗಾಳಿ ಮೇಲೇರಿ ಹೂಕೋಸಿನಂಥ ಮೋಡ ಕಟ್ಟುತ್ತದೆ. ಅದರ ನೆತ್ತಿ ಚಪ್ಪಟೆಯಾಗಿ ಒಂದು ಕಡೆಗೆ ಹರಡತೊಡಗಿತೋ, ಮೋಡ ಬಲಿತಿದೆ ಎಂದೇ ತಿಳಿಯಿರಿ. ಸ್ವಲ್ಪ ಹೊತ್ತಿಗೆ ಸೆಕೆ ಏಕಾಏಕಿ ಇಳಿದು ತಣ್ಣನೆ ಗಾಳಿ ಧೂಳೆಬ್ಬಿಸುತ್ತದೆ. ಮಳೆಹನಿ ಆವಿಯಾಗುವಾಗ ತಣಿದು ಭಾರವಾದ ಗಾಳಿ ನೆಲಕ್ಕೆ ಬಡಿದು ಸುತ್ತ ನುಗ್ಗುವ ಹೊತ್ತು ಅದು. ಗುಲ್‌ಮೊಹರ್, ಮಳೆಮರಗಳ ಕೊಂಬೆ ಮುರಿಯುವುದು ಹೆಚ್ಚಾಗಿ ಈ ಗಾಳಿಗೆ. ಮೊದಲ ಹನಿಗೆ ಕಾಯಬೇಡಿ, ಮರದಡಿಯಿಂದ ಆಗಲೇ ಸರಿಯಿರಿ.

ಇಂಥ ಒಂದೊಂದು ಮೋಡದ ಆಯಸ್ಸು ಅರ್ಧದಿಂದ ಒಂದು ಗಂಟೆ, ಅಗಲ ಕೆಲವೇ ಕಿ.ಮೀ. ಬೆಂಗಳೂರಿನ ಯಲಹಂಕದಲ್ಲಿ ಹೊಡೆದ ಮಳೆ ಜಯನಗರಕ್ಕೆ ಬಾರದಿದ್ದರೆ ಮುನ್ಸೂಚನೆ ಸುಳ್ಳಾಯಿತು ಎನ್ನಲಾಗದು. ಭರಣಿ ಮಳೆಗೆ ಹೊಲದ ರೈತರು ಕಾಯುತ್ತಾರೆ. ರಾಮನಗರ, ಕೋಲಾರದ ಮಾವಿನ ತೋಟದವರಿಗೆ ಅದರ ಜೊತೆ ಬರುವ ಗಾಳಿ, ಆಲಿಕಲ್ಲಿನದೇ ಭಯ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ 'ಭಾರಿ ಮಳೆ'. ನನಗೆ ಹೆದರಿಕೆ ಹುಟ್ಟಿಸುವುದು ಅದಕ್ಕಿಂತ ಕಡಿಮೆ, 50 ಮಿ.ಮೀ. ಬಿದ್ದರೂ ಒಂದೇ ಗಂಟೆಯಲ್ಲಿ ಬೀಳುವ ದಿನ. 30×40 ಸೈಟಿನ ಮೇಲೆ ಅದು ಸುಮಾರು 5,500 ಲೀಟರ್, ಹತ್ತಿರ ಹತ್ತಿರ ಒಂದು ಟ್ಯಾಂಕರ್ ನೀರು. ಮಣ್ಣೇ ಕಾಣದ ಬೀದಿಯಲ್ಲಿ ಮನೆಮನೆಯ ನೀರೂ ಒಟ್ಟಿಗೆ ಮೋರಿಗಿಳಿಯುತ್ತದೆ. ಮೋರಿಯ ಬಾಯಿಗೆ ಒಣ ಎಲೆ, ಪ್ಲಾಸ್ಟಿಕ್ ಕಟ್ಟಿದ್ದರೆ ರಾಜಕಾಲುವೆ ಸೇರಬೇಕಾದದ್ದು ತಗ್ಗಿನತ್ತ ಹರಿಯುತ್ತದೆ. 2023ರ ಮೇ 21ರ ಭಾನುವಾರ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡದ್ದು ಇಂಥದೇ ಮಳೆಯಲ್ಲಿ. ನೆನೆದರೆ ಈಗಲೂ ಸಂಕಟವಾಗುತ್ತದೆ. ಮುಂದಿನ ಗಾಡಿ ದಾಟಿತೆಂದು ನೀರು ನಿಂತ ಅಂಡರ್‌ಪಾಸ್‌ಗೆ ದಯವಿಟ್ಟು ಇಳಿಯಬೇಡಿ.

ಬೆಳಿಗ್ಗೆ ಹವಾಮಾನ ಇಲಾಖೆಯ ಎಚ್ಚರಿಕೆಯ ಬಣ್ಣ ಹಳದಿಯೋ ಕಿತ್ತಳೆಯೋ ನೋಡಿಟ್ಟುಕೊಳ್ಳಿ. ಮಧ್ಯಾಹ್ನದ ಮೇಲೆ ಇಲಾಖೆ ಕೊಡುವ ಮೂರು ಗಂಟೆಯ ಮುನ್ಸೂಚನೆಯನ್ನು ಮತ್ತೆ ನೋಡಿ. ಸಿಡಿಲಿಗೆ 'ದಾಮಿನಿ' ಆ್ಯಪ್ ಇದೆ, ಕಟ್ಟಡ ಕೆಲಸದ ಮೇಸ್ತ್ರಿಗಳ ಫೋನಿನಲ್ಲಂತೂ ಅದು ಇರಲೇಬೇಕು.