ಸೋತ ಸ್ನ್ಯಾಪ್‌ಗಳನ್ನೂ ಕಳಿಸಿ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ, ರೌಂಡ್ ರೌಂಡಾಗಿ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವುದು ಏಪ್ರಿಲ್ ಕೊನೆಗೆ. ಆದರೆ ಜನವರಿಯಿಂದಲೇ ನನ್ನ ಫೋನಿಗೆ ವಿಡಿಯೊಗಳು ಬರಲು ಶುರುವಾಗುತ್ತವೆ. ಮೂರು ನಿಮಿಷದ ತುಣುಕು, ಹಿಂದೆ ಜೋರು ಸಂಗೀತ. ಹುಡುಗ ನುಗ್ಗುತ್ತಾನೆ, ಪಾಸ್ ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ಬೀಳುತ್ತಾನೆ. ಮತ್ತೆ ನುಗ್ಗುತ್ತಾನೆ, ಮತ್ತೆ ಬೀಳಿಸುತ್ತಾನೆ. ಕೆಳಗೆ ಒಂದೇ ಸಾಲು: "ಈ ಸೀಸನ್‌ನಲ್ಲಿ 12 ಸ್ಯಾಕ್. ಎಷ್ಟನೇ ರೌಂಡ್‌ಗೆ ಹೋಗಬಹುದು?"

ಪಂದ್ಯಗಳ ವಿಡಿಯೊ ನೋಡಿ ಏಜೆಂಟರಿಗೆ, ಆಟಗಾರರ ಮನೆಯವರಿಗೆ ವರದಿ ಬರೆದುಕೊಡುವುದು ನನ್ನ ಕೆಲಸ. ಹೆಚ್ಚಾಗಿ ಪಾಸ್ ರಷರ್‌ಗಳದ್ದೇ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರದ್ದು. ಈ ಪ್ರಶ್ನೆಗೆ ಪ್ರತಿ ವರ್ಷ ನನ್ನದು ಒಂದೇ ಉತ್ತರ: ಸ್ಯಾಕ್ ಎಷ್ಟು ಎನ್ನುವುದರಿಂದ ನಾನು ಏನೂ ಹೇಳಲಾರೆ. ಕೇಳಿದವರಿಗೆ ಬೇಜಾರಾಗುತ್ತದೆ. ಮುಂದಿನ ವಾರ ಅದೇ ಮನೆಯಿಂದ ಇನ್ನೊಬ್ಬರು ಅದೇ ಲೆಕ್ಕ ಹಿಡಿದು ಫೋನ್ ಮಾಡಿದಾಗ ನನಗೂ ಆಗುತ್ತದೆ.

ಹಾಗಾಗಿ ಬಿಡಿಸಿ ಹೇಳುತ್ತೇನೆ. ಪಾಸ್ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ಸಿಕ್ಕಿಬಿದ್ದ ಎಂದಷ್ಟೇ ಸ್ಯಾಕ್ ಹೇಳುತ್ತದೆ. ಯಾಕೆ ಸಿಕ್ಕಿಬಿದ್ದ ಎಂದು ಹೇಳುವುದಿಲ್ಲ. ಕೆಲವು ಸಲ ಹುಡುಗನನ್ನು ಯಾರೂ ತಡೆದೇ ಇರುವುದಿಲ್ಲ. ಇವನನ್ನು ತಡೆಯಬೇಕಾದ ಟ್ಯಾಕಲ್ ಒಳಗೆ ನುಗ್ಗಿದ ಇನ್ನೊಬ್ಬನ ಕಡೆ ತಿರುಗಿದ, ನೆರವಿಗೆ ನಿಲ್ಲಬೇಕಾದ ರನ್ನಿಂಗ್ ಬ್ಯಾಕ್ ಗಮನಿಸಲಿಲ್ಲ, ದಾರಿ ಖಾಲಿ. ಕೆಲವು ಸಲ ಹುಡುಗನ ತಂಡದ ಕಾರ್ನರ್‌ಬ್ಯಾಕ್‌ಗಳು ಪಾಸ್ ಹಿಡಿಯಬೇಕಾದ ರಿಸೀವರ್‌ಗಳಿಗೆ ಅಂಟಿಕೊಂಡಿರುತ್ತಾರೆ. ಕ್ವಾರ್ಟರ್‌ಬ್ಯಾಕ್‌ಗೆ ಎಸೆಯಲು ಜಾಗವೇ ಕಾಣದೆ ನಾಲ್ಕೈದು ಸೆಕೆಂಡ್ ಚೆಂಡು ಹಿಡಿದು ನಿಂತಿರುತ್ತಾನೆ. ಅಷ್ಟು ಹೊತ್ತು ಕೊಟ್ಟರೆ ಯಾರಾದರೊಬ್ಬರು ತಲುಪಿಯೇ ತಲುಪುತ್ತಾರೆ, ಅಲ್ವಾ? ಇನ್ನು ಕೆಲವು ಸಲ ಹುಡುಗನ ಪಕ್ಕದಲ್ಲೇ ನುಗ್ಗುವ ಅವನದೇ ತಂಡದ ಡಿಫೆನ್ಸಿವ್ ಟ್ಯಾಕಲ್, ತನ್ನನ್ನು ತಡೆಯುವ ಗಾರ್ಡ್‌ನನ್ನು ಎದೆಗೆ ಕೈ ಕೊಟ್ಟು ಹಿಂದಕ್ಕೆ ದೂಡಿರುತ್ತಾನೆ. ಕ್ವಾರ್ಟರ್‌ಬ್ಯಾಕ್ ಗಾಬರಿಯಿಂದ ಹೊರಗೆ ಓಡಿ ಬಂದು ನಮ್ಮ ಹುಡುಗನ ತೋಳಿಗೆ ಬೀಳುತ್ತಾನೆ. ದುಡಿದವನು ಪಕ್ಕದವನು, ಸ್ಯಾಕ್ ಇವನ ಹೆಸರಿಗೆ.

1999ರ ಫೆಬ್ರವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ಕುಂಬ್ಳೆ 74 ರನ್‌ಗೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದದ್ದು ನಮಗೆಲ್ಲ ನೆನಪಿದೆ. ಒಂಬತ್ತಾದ ಮೇಲೆ ಹತ್ತನೆಯದೂ ಅನಿಲ್‌ಗೇ ಸಿಗಲಿ ಎಂದು ಶ್ರೀನಾಥ್ ಬೇಕೆಂದೇ ಸ್ಟಂಪ್‌ನಿಂದ ದೂರ ಬೌಲ್ ಮಾಡಿದರು. ಆ ಇನಿಂಗ್ಸ್‌ನ ಸ್ಕೋರ್‌ಕಾರ್ಡ್‌ನಲ್ಲಿ ಶ್ರೀನಾಥ್ ವಿಕೆಟ್ ಸೊನ್ನೆ. ಆ ಸೊನ್ನೆ ನೋಡಿ ಮೈಸೂರಿನ ಯಾರಾದರೂ ಶ್ರೀನಾಥ್‌ಗೆ ಬೌಲಿಂಗ್ ಬರುವುದಿಲ್ಲ ಎನ್ನುತ್ತಾರಾ?

ಒಳ್ಳೆಯ ರಷರ್‌ಗೂ ಹೀಗೆ ಸೊನ್ನೆ ಬೀಳುತ್ತದೆ. ಎರಡೇ ಸೆಕೆಂಡಿನಲ್ಲಿ ಟ್ಯಾಕಲ್‌ನನ್ನು ದಾಟಿರುತ್ತಾನೆ, ಅಷ್ಟರಲ್ಲಿ ಚೆಂಡು ಕೈಬಿಟ್ಟು ಹೋಗಿರುತ್ತದೆ. ಕಾಲೇಜಿನಲ್ಲಿ ಇದು ಜಾಸ್ತಿ. ಹತ್ತಿರದವನಿಗೆ ಕೊಡುವ ಸ್ಕ್ರೀನ್ ಪಾಸ್, ಓಟವೋ ಎಸೆತವೋ ಎಂದು ಆ ಕ್ಷಣದಲ್ಲೇ ನಿರ್ಧರಿಸುವ ಆರ್‌ಪಿಒ, ಹಿಡಿದ ಕೂಡಲೇ ಎಸೆತ, ಇವೇ ಅಲ್ಲಿನ ಆಟ. ಅದಕ್ಕೇ ಇಎಸ್‌ಪಿಎನ್‌ನ ಪಾಸ್ ರಷ್ ವಿನ್ ರೇಟ್ ನನಗೆ ಇಷ್ಟ. ಕ್ವಾರ್ಟರ್‌ಬ್ಯಾಕ್ ಬಿದ್ದನೋ ಇಲ್ಲವೋ, ಎದುರಾಳಿಯನ್ನು 2.5 ಸೆಕೆಂಡಿನೊಳಗೆ ಸೋಲಿಸಿದನೇ ಎಂದು ಅದು ಎಣಿಸುತ್ತದೆ.

ಹಳೆಯ ಡ್ರಾಫ್ಟ್‌ಗಳನ್ನು ನೋಡಿ. ವರ್ನನ್ ಗೋಲ್‌ಸ್ಟನ್ 2007ರಲ್ಲಿ ಒಹಾಯೊ ಸ್ಟೇಟ್ ಕಾಲೇಜು ತಂಡಕ್ಕೆ 14 ಸ್ಯಾಕ್ ಮಾಡಿದ. 2008ರಲ್ಲಿ ಜೆಟ್ಸ್ ತಂಡ ಅವನನ್ನು ಆರನೆಯವನಾಗಿ ಆರಿಸಿತು. ಎನ್‌ಎಫ್‌ಎಲ್‌ನಲ್ಲಿ ಅವನಿಗೆ ಒಂದು ಸ್ಯಾಕ್ ಕೂಡ ಸಿಗಲಿಲ್ಲ. ಡನೀಲ್ ಹಂಟರ್ ಲೂಸಿಯಾನಾ ಸ್ಟೇಟ್ ಕಾಲೇಜಿನ ಕೊನೆಯ ಸೀಸನ್‌ನಲ್ಲಿ ಮಾಡಿದ್ದು ಒಂದೂವರೆ ಸ್ಯಾಕ್. 2015ರಲ್ಲಿ ಮೂರನೇ ರೌಂಡ್‌ವರೆಗೆ ಕಾದ. ಆಮೇಲೆ ವೈಕಿಂಗ್ಸ್ ತಂಡಕ್ಕೆ 2018ರಲ್ಲಿ 14.5 ಸ್ಯಾಕ್, 2019ರಲ್ಲಿ ಮತ್ತೆ 14.5. ಅದೇ 2019ರ ಡ್ರಾಫ್ಟ್‌ನಲ್ಲಿ ರೇಡರ್ಸ್ ತಂಡ ಕ್ಲೆಮ್ಸನ್‌ನ ಕ್ಲೀಲಿನ್ ಫೆರೆಲ್‌ನನ್ನು ನಾಲ್ಕನೆಯವನಾಗಿ ತೆಗೆದುಕೊಂಡಿತು. ಈಸ್ಟರ್ನ್ ಮಿಶಿಗನ್‌ನ ಮ್ಯಾಕ್ಸ್ ಕ್ರಾಸ್ಬಿ ಅದೇ ತಂಡಕ್ಕೆ ನಾಲ್ಕನೇ ರೌಂಡ್‌ನಲ್ಲಿ, 106ನೆಯವನಾಗಿ ಹೋದ. ಮೊದಲ ವರ್ಷವೇ ಫೆರೆಲ್‌ಗೆ ನಾಲ್ಕೂವರೆ, ಕ್ರಾಸ್ಬಿಗೆ ಹತ್ತು.

ಹಾಗಂತ ಸ್ಯಾಕ್ ಕಡಿಮೆ ಇದ್ದವನೇ ಒಳ್ಳೆಯವನು ಎಂದು ತಿಳಿಯಬೇಡಿ. ಟೆರೆಲ್ ಸಗ್ಸ್ 2002ರಲ್ಲಿ ಅರಿಜೋನಾ ಸ್ಟೇಟ್‌ಗೆ 24 ಸ್ಯಾಕ್ ಮಾಡಿದ್ದ, ಎನ್‌ಎಫ್‌ಎಲ್‌ನಲ್ಲೂ 139 ಮಾಡಿದ. ಅಳತೆಗಳೂ ಪೂರ್ತಿ ನಂಬುವಂಥವಲ್ಲ. ಡ್ರಾಫ್ಟ್‌ಗೆ ಮೊದಲು ಆಟಗಾರರ ಬಲ, ವೇಗ ಅಳೆಯುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಗೋಲ್‌ಸ್ಟನ್ ಬೆಂಚ್ ಪ್ರೆಸ್ 37 ಸಲ ಎತ್ತಿದ್ದ. ನನ್ನ ವರದಿಗಳೂ ತಪ್ಪಿವೆ. ಗಾಯ, ತಂಡದ ಪದ್ಧತಿ, ಕೋಚ್, ಇಪ್ಪತ್ತೆರಡರ ಹುಡುಗನ ಮನಸ್ಸು, ಇವು ಯಾವುವೂ ವಿಡಿಯೊದಲ್ಲಿ ಸರಿಯಾಗಿ ಕಾಣುವುದಿಲ್ಲ.

ಕಾಣುವುದನ್ನು ಮಾತ್ರ ಹೇಳಬಲ್ಲೆ. ಚೆಂಡು ಅಲುಗಿದ ಕ್ಷಣ ಇವನ ಕಾಲೂ ಅಲುಗಿತೇ? ಟ್ಯಾಕಲ್‌ನ ಕೈ ಎದೆಗೆ ತಾಗುವ ಮೊದಲೇ ಇವನ ಕೈ ಅದನ್ನು ಬಡಿದು ತೆಗೆಯಿತೇ? ಮೂಲೆ ತಿರುಗುವಾಗ ವೇಗ ಬಿಡದೆ ಬಾಗುತ್ತಾನೆಯೇ? ಆಗುಂಬೆ ಘಾಟಿಯ ತಿರುವಿನಲ್ಲಿ ಬೈಕು ವಾಲುತ್ತದಲ್ಲ, ಹಾಗೆ. ಕ್ರಾಸ್ಬಿ ಕಂಬೈನ್‌ನಲ್ಲಿ ಮೂರು ಕೋನ್‌ಗಳ ಸುತ್ತ ತಿರುಗುವ ತ್ರೀ ಕೋನ್ ಓಟವನ್ನು 6.89 ಸೆಕೆಂಡಿನಲ್ಲಿ ಮುಗಿಸಿದ್ದ. ಅಷ್ಟು ಉದ್ದದ ಮೈ ಅಷ್ಟು ಬೇಗ ತಿರುಗುವುದು ಅಪರೂಪ. ಎಲ್ಲಕ್ಕಿಂತ ಮುಖ್ಯ, ಮೊದಲ ಪಟ್ಟು ಕೆಲಸ ಮಾಡದಿದ್ದಾಗ ಇವನ ಹತ್ತಿರ ಎರಡನೆಯದು ಇದೆಯೇ? ಅದು ಗೊತ್ತಾಗುವುದು ಸೋತ ಸ್ನ್ಯಾಪ್‌ಗಳಲ್ಲಿ, ಅಂದರೆ ಚೆಂಡು ಆಟಕ್ಕೆ ಬಂದು ಇವನು ಸೋತ ಒಂದೊಂದು ಸರದಿಯಲ್ಲಿ. ನಿಮ್ಮ ಮೂರು ನಿಮಿಷದ ತುಣುಕಿನಲ್ಲಿ ಅದೊಂದೇ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನಾಲ್ಕು ಗಂಟೆ ಟ್ರಕ್ ಓಡಿಸಿಕೊಂಡು ನನ್ನ ಆಫೀಸಿಗೆ ಬಂದಿದ್ದರು. ಮಗ ಸಣ್ಣ ಕಾಲೇಜಿನವನು, 11 ಸ್ಯಾಕ್. ಹನ್ನೊಂದನ್ನೂ ಜೊತೆಗೆ ಕೂತು ನೋಡಿದೆವು, ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ. ನಾಲ್ಕರಲ್ಲಿ ಹುಡುಗನನ್ನು ತಡೆದವರೇ ಇಲ್ಲ. ಮೂರರಲ್ಲಿ ಕ್ವಾರ್ಟರ್‌ಬ್ಯಾಕ್ ತಾನಾಗಿ ಇವನ ಕಡೆ ಓಡಿ ಬಂದಿದ್ದ. ಎರಡು, ಚೆಂಡು ತುಂಬಾ ಹೊತ್ತು ಹಿಡಿದಿದ್ದರಿಂದ ಆದವು. ನಿಜವಾಗಿ ಅವನದೇ ಎನ್ನುವಂಥವು ಎರಡು. ಅವರ ಮುಖ ಸಪ್ಪಗಾಯಿತು. ನನಗೂ ಸಂಕಟವಾಯಿತು, ಆದರೆ ಸುಳ್ಳು ಹೇಳುವ ಹಾಗಿರಲಿಲ್ಲ.

ಆಮೇಲೆ ಅವರು ಕೇಳದೇ ಇದ್ದ ಇನ್ನೊಂದು ಪಂದ್ಯ ಹಾಕಿದೆ. ದೊಡ್ಡ ಯೂನಿವರ್ಸಿಟಿಯ ಎದುರು ನಡೆದದ್ದು. ತಂಡ ಹೀನಾಯವಾಗಿ ಸೋತಿತ್ತು, ಹುಡುಗನಿಗೆ ಸ್ಯಾಕ್ ಇಲ್ಲ, ಚೆಂಡು ಹಿಡಿದವನನ್ನು ಬೀಳಿಸಿದ್ದು ಒಂದೇ ಒಂದು ಸಲ. ಎದುರಿಗಿದ್ದದ್ದು ಡ್ರಾಫ್ಟ್ ಆಗುವುದು ಖಾತ್ರಿಯಿದ್ದ ಲೆಫ್ಟ್ ಟ್ಯಾಕಲ್. ಮೊದಲ ಕ್ವಾರ್ಟರ್‌ನಲ್ಲಿ ಹುಡುಗ ಬರೀ ಸೋತ. ಎರಡನೆಯದರಲ್ಲಿ ಹೊರಗೆ ಓಡುವಂತೆ ತೋರಿಸಿ ಒಳಗೆ ನುಗ್ಗುವುದನ್ನು ಶುರು ಮಾಡಿದ. ಪಂದ್ಯ ಮುಗಿಯುವಷ್ಟರಲ್ಲಿ ಆರು ಸಲ ಆ ಟ್ಯಾಕಲ್‌ನನ್ನು ದಾಟಿದ್ದ. ಆರು ಸಲವೂ ಚೆಂಡು ಆಗಲೇ ಹೋಗಿತ್ತು.

"ಇದನ್ನ ಯಾಕೆ ಯಾರೂ ವಿಡಿಯೊದಲ್ಲಿ ಹಾಕಲಿಲ್ಲ?" ಎಂದರು ಆ ತಂದೆ. ಅವನ ವರದಿಯ ಮೊದಲ ಪುಟ ನಾನು ಆ ಪಂದ್ಯದ ಮೇಲೇ ಬರೆದೆ.

ಹಾಗಾಗಿ ಈ ಜನವರಿಯಲ್ಲಿ ನನಗೆ ಮೂರು ಪೂರ್ತಿ ಪಂದ್ಯ ಕಳಿಸಿ, ಪ್ರತಿ ಸ್ನ್ಯಾಪ್ ಇರಲಿ. ಹುಡುಗ ಎದುರಿಸಿದ ಅತಿ ಗಟ್ಟಿ ಟ್ಯಾಕಲ್ ಇರುವ ಪಂದ್ಯ ಅದರಲ್ಲಿ ಒಂದಾಗಿರಲಿ. ಸಾಧ್ಯವಾದರೆ ಮೈದಾನದ ತುದಿಯ ಎಂಡ್ ಝೋನ್ ಕಡೆಯ ಕ್ಯಾಮೆರಾದ್ದು ಕಳಿಸಿ, ಪಕ್ಕದ ಕ್ಯಾಮೆರಾದಲ್ಲಿ ಕೈ ಕಾಣುವುದಿಲ್ಲ. ಸಂಗೀತ ಬೇಡ.